ಹಳೆ ಬೋಕಿ, ಹೊಸ ಮಡಕೆ

ಫೆಬ್ರವರಿ 3

ಅತ್ತಿಗೆ,

ಮೊದಲೇ ಹೇಳಿಬಿಡ್ತೀನಿ, ಇದು ಕೆಲಸ ಇಟ್ಕೊಂಡು ಬರೆದ ಕಾಗದ. ಫೋನ್ ಮಾಡಬಹುದಿತ್ತು. ಆದರೆ ಫೋನ್ ಎತ್ತೋದು ಅಣ್ಣ, ಸ್ಪೀಕರ್ ಹಾಕಿ ಬೀದಿಗೆಲ್ಲ ಕೇಳಿಸೋದೂ ಅಣ್ಣ. ಅವನ ಎದುರು ನಾನು ಹೀಗೆ ಗೋಗರೆದರೆ ವರ್ಷಪೂರ್ತಿ ಆಡಿಕೊಂಡು ನಗ್ತಾನೆ.

ಇಲ್ಲಿ ನಾನೇನು ಮಾಡ್ತೀನಿ ಅಂತ ನೀವು ಕೇಳಿದಾಗೆಲ್ಲ "ಮಡಕೆ ಚೂರು ಅರೀತೀನಿ" ಅಂದು ಜಾರಿಕೊಂಡಿದ್ದೆ. ಈಗ ಪೂರ್ತಿ ಕೇಳಿ. ಒಂದು ಬತ್ತಿದ ಸರೋವರದ ದಡದಲ್ಲಿ, ಅಲ್ಲಿಂದ ಎರಡು ದಿನ ನಡೆದರೆ ಸಿಗೋ ಗುಡ್ಡದ ಚಿಲುಮೆ ಹತ್ತಿರ, ಎರಡು ಕಡೆ ಅಗೆದಿದ್ದಾರೆ. ಆರು ಸಾವಿರ ವರ್ಷದ ಹಿಂದೆ ಅಲ್ಲಿ ಬೇಟೆಯಾಡಿ, ಗೆಡ್ಡೆಗೆಣಸು ಕಿತ್ತು ತಿಂದುಕೊಂಡಿದ್ದ ಜನ ಇದ್ದರು. ಒಲೆ ಬೂದಿ ಪಕ್ಕದಲ್ಲೇ ಅವರ ಮಡಕೆ ಚೂರು ರಾಶಿ ಸಿಕ್ಕಿದೆ. ಆ ಮಡಕೆ ಮಾಡಿದ್ದು ಯಾರು ಅನ್ನೋದು ನಮ್ಮ ಜಗಳ.

ನಮ್ಮ ಮುಖ್ಯಸ್ಥರಿಗೆ ನಾವಿಟ್ಟ ಹೆಸರು ಪುರಾವೆ ಸಾಹೇಬರು. "ಮಳೆ ಬರ್ತಿದೆ ಸಾರ್" ಅಂದರೂ ಪುರಾವೆ ಕೇಳೋ ಮನುಷ್ಯ. ಅವರ ಪ್ರಕಾರ, ಒಂದು ಕಡೆ ನೆಲೆ ನಿಲ್ಲದ ಬೇಟೆಗಾರರಿಗೆ ಮಡಕೆ ಮಾಡೋಕೆ ಬರ್ತಿರಲಿಲ್ಲ. ಕೆಳಗಿನ ಹೊಳೆ ದಡದಲ್ಲಿ ಬೇಸಾಯ ಮಾಡಿಕೊಂಡಿದ್ದವರಿಗೆ ಚರ್ಮ, ಜೇನು ಕೊಟ್ಟು ಮಡಕೆ ತಗೊಂಡರು. ನಾನು ಹೇಳೋದು, ಇಲ್ಲ, ಅವರೇ ಮಾಡಿಕೊಂಡರು ಅಂತ. ಇದನ್ನ ತೋರಿಸೋಕೆ ಒಂದು ದಾರಿ ಇದೆ. ಒಂದೊಂದು ಕಡೆಯ ಮಣ್ಣಲ್ಲೂ ಕಬ್ಬಿಣ, ನಿಕ್ಕಲ್, ಹೆಸರೇ ಕೇಳಿರದ ಇಪ್ಪತ್ತು ಧಾತುಗಳು ಬೇರೆ ಬೇರೆ ಪ್ರಮಾಣದಲ್ಲಿರ್ತವೆ. ಸುಟ್ಟರೂ ಆ ಪ್ರಮಾಣ ಹೆಚ್ಚುಕಮ್ಮಿ ಹಾಗೇ ಉಳಿಯುತ್ತೆ. ಚೂರನ್ನ ಅರೆದು ಆಸಿಡ್‌ನಲ್ಲಿ ಕರಗಿಸಿ ಯಂತ್ರಕ್ಕೆ ಕೊಟ್ಟರೆ ಅದು ಎಲ್ಲಾನೂ ಅಳೆದು ಹೇಳುತ್ತೆ. ಯಾವ ಮಣ್ಣಿಗೆ ತಾಳೆ ಆಯ್ತೋ ಮಡಕೆ ಅಲ್ಲಿಯದು.

ಗ್ರಹಚಾರಕ್ಕೆ ನನ್ನ ಚೂರುಗಳು ಸರೋವರದ ಮಣ್ಣಿಗೂ ತಾಳೆ ಆಗ್ತಿಲ್ಲ, ಚಿಲುಮೆ ಮಣ್ಣಿಗೂ ಇಲ್ಲ, ಹೊಳೆ ಮಣ್ಣಿಗೂ ಆಗ್ತಿಲ್ಲ. "ನಿನ್ನ ವಿಧಾನವೇ ಸರಿ ಇಲ್ಲ" ಅಂತಾರೆ ಸಾಹೇಬರು. ಎಲ್ಲಿ, ಯಾವ ಮಣ್ಣಲ್ಲಿ ಆಯ್ತು ಅಂತ ಖಾತ್ರಿ ಇರೋ ಮಡಕೆ ಮೇಲೆ ಮೊದಲು ಅದನ್ನ ಪರೀಕ್ಷೆ ಮಾಡಿ ತೋರಿಸು, ಆಮೇಲೆ ಮಾತು ಅಂದಿದ್ದಾರೆ. ಏಪ್ರಿಲ್ 22ಕ್ಕೆ ಸಮಿತಿ ಕೂರುತ್ತೆ. ಅಷ್ಟರಲ್ಲಿ ಆಗದಿದ್ದರೆ "ಬೇಸಾಯಗಾರರಿಂದ ಬಂದ ಮಡಕೆಗಳು" ಅಂತಲೇ ವರದಿ ಅಚ್ಚಾಗುತ್ತೆ. ನನ್ನ ಎರಡು ವರ್ಷದ ಕೆಲಸ ನೀರುಪಾಲು.

ಖಾತ್ರಿ ಇರೋ ಮಡಕೆ ಅಂದರೆ ನನಗೆ ಹೊಳೆಯೋದು ಒಂದೇ ಮನೆ. ನೀವು ಮಾಡಿದ ಒಂದು ಮಡಕೆ, ಅದಕ್ಕೆ ಮಣ್ಣು ತೆಗೆದ ಗುಂಡಿಯ ಒಂದು ಡಬ್ಬಿ ಹಸಿಮಣ್ಣು ಕಳಿಸಿಕೊಡಿ. ಒಡೆದದ್ದಾದರೂ ಪರವಾಗಿಲ್ಲ, ಹೇಗೂ ನಾನು ಪುಡಿ ಮಾಡೋಳೇ.

ನಿಮ್ಮ ನಾದಿನಿ


ಫೆಬ್ರವರಿ 14

ಪುಟ್ಟಿ,

ಪಾರ್ಸಲ್ ಬೇರೆ ಕಳಿಸಿದ್ದೀನಿ. ಮಡಕೆ ಒಂದು, ಮಣ್ಣು ಒಂದು ಡಬ್ಬಿ. ಗುಂಡಿಗೆ ನಾನೇ ಇಳಿದು, ಮೇಲಿನ ಕಸ ಎಲ್ಲ ಸರಿಸಿ, ಮೊಣಕೈ ಆಳದಿಂದ ತೆಗೆದದ್ದು. ಒಡೆದ ಮಡಕೆ ಕಳಿಸು ಅಂತೀಯಲ್ಲ, ನಮ್ಮ ಮನೆಯಿಂದ ಒಡೆದ ಮಡಕೆ ಹೋಯ್ತು ಅಂತ ನಿಮ್ಮ ಸಾಹೇಬರ ಬಾಯಲ್ಲಿ ಬರಬೇಕೇನು? ಆವಿಗೆಯಲ್ಲಿ ಮಧ್ಯದ ಸಾಲಲ್ಲಿ ಬೆಂದದ್ದೇ ಆರಿಸಿದೆ. ಬೆರಳಲ್ಲಿ ತಟ್ಟಿ ನೋಡು, ಹೇಗೆ ದನಿ ಕೊಡುತ್ತೆ. ಆಮೇಲೆ ಬೇಕಾದರೆ ಪುಡಿ ಮಾಡು, ಪಾಪಿ.

ನಿಮ್ಮಣ್ಣನಿಗೆ ವಿಷಯ ಹೇಳಿದೆ. "ಇವಳು ಇಷ್ಟು ಓದಿದ್ದು ಮಡಕೆ ಒಡೆಯೋಕಾ? ಅದನ್ನ ಮೂರನೇ ವಯಸ್ಸಲ್ಲೇ ಚೆನ್ನಾಗಿ ಮಾಡ್ತಿದ್ದಳಲ್ಲ" ಅಂದರು. ಅವರಿಗೀಗ ಸೊಂಟ ಹಿಡಿದಿದೆ, ಗುಂಡಿಗೆ ಇಳಿಯಲ್ಲ. ಮಣ್ಣು ತುಳಿಯೋದು ಮಾತ್ರ ಬಿಟ್ಟಿಲ್ಲ.

ನೀನು ಬರೆದದ್ದರಲ್ಲಿ ಒಂದು ನನಗೆ ಹಿಡಿಸಲಿಲ್ಲ. ನೆಲೆ ನಿಲ್ಲದವರಿಗೆ ಮಡಕೆ ಬರಲ್ಲ ಅನ್ನೋದು ಯಾವ ಸೀಮೆ ಮಾತು? ನಿಮ್ಮ ಸಾಹೇಬರು ಯಾವತ್ತಾದರೂ ಮಣ್ಣು ಮುಟ್ಟಿದ್ದಾರಾ ಕೇಳು. ಮಣ್ಣು ಎಲ್ಲಿ ಇಲ್ಲ, ಬೆಂಕಿ ಯಾರಿಗೆ ಗೊತ್ತಿಲ್ಲ?

ಹೊತ್ತು ಹೊತ್ತಿಗೆ ಊಟ ಮಾಡು. ಮೊನ್ನೆ ಫೋಟೋದಲ್ಲಿ ಕತ್ತಿನ ಮೂಳೆ ಕಾಣ್ತಿತ್ತು.

ಅತ್ತಿಗೆ


ಮಾರ್ಚ್ 2

ಅತ್ತಿಗೆ,

ಮಡಕೆ ಬಂತು. ತಟ್ಟಿ ನೋಡಿದೆ, ಪಕ್ಕದ ಕೋಣೆಯವರು ಎದ್ದು ಬಂದು ಏನದು ಅಂದರು. ಒಡೆಯೋಕೆ ಮನಸ್ಸು ಬರಲಿಲ್ಲ. ಆಮೇಲೆ ತಳದಿಂದ ಒಂದು ಚೂರು ಮಾತ್ರ ಕೊರೆದುಕೊಂಡೆ.

ಆದರೆ ಒಂದು ತೊಡಕಾಗಿದೆ. ಯಂತ್ರದ ಪ್ರಕಾರ ನಿಮ್ಮ ಮಡಕೆ ನಿಮ್ಮ ಡಬ್ಬಿ ಮಣ್ಣಿನದಲ್ಲ. ನಿಕ್ಕಲ್ ಜಾಸ್ತಿ, ಕ್ರೋಮಿಯಂ ಜಾಸ್ತಿ, ಇನ್ನೂ ಆರೇಳು ಧಾತು ಹೊಂದ್ತಿಲ್ಲ. ಮೂರು ಸಲ ಮಾಡಿದೆ, ಮೂರು ಸಲಾನೂ ಅದೇ. ಡಬ್ಬಿ ಏನಾದರೂ ಅದಲುಬದಲಾಯ್ತಾ? ಅಥವಾ ಆ ಮಡಕೆ ಬೇರೆ ಗುಂಡಿ ಮಣ್ಣಿನದಾ? ಅಣ್ಣ ರಸ್ತೆ ಕೆಲಸದವರು ಸುರಿದ ಮಣ್ಣೇನಾದರೂ ಬೆರೆಸಿದನಾ? ಕೋಪ ಮಾಡ್ಕೋಬೇಡಿ, ಕೇಳಲೇಬೇಕಾಗಿದೆ.

ಮಡಕೆಗೆ ಇನ್ನೇನಾದರೂ ಸೇರಿಸ್ತೀರಾ? ಅಮ್ಮನಂತೂ ತಿಗರಿ ಚಕ್ರದ ಹತ್ತಿರ ನನ್ನನ್ನ ಬಿಟ್ಟುಕೊಂಡವಳಲ್ಲ. ನನಗೆ ಗೊತ್ತಿರೋದು ಮರಳು ಒಂದೇ.

ನಿಮ್ಮ ನಾದಿನಿ


ಮಾರ್ಚ್ 9

ಪುಟ್ಟಿ,

ಮಣ್ಣು ಅದೇ ಗುಂಡಿಯದು. ಮಡಕೆ ನನ್ನ ಕೈಯದು. ರಸ್ತೆ ಮಣ್ಣು ಗಿಣ್ಣು ಯಾರೂ ಬೆರೆಸಿಲ್ಲ.

ಎಲ್ಲರೂ ಹಾಕೋದನ್ನೇ ನಾನೂ ಹಾಕ್ತೀನಿ. ನಿನ್ನ ಯಂತ್ರವನ್ನೇ ಒಂದು ಸಲ ಯಾರಿಗಾದರೂ ತೋರಿಸು. ಇಲ್ಲಿ ಆವಿಗೆ ಕೆಲಸ ಜೋರಾಗಿದೆ, ಜಾಸ್ತಿ ಬರೆಯೋಕೆ ಬಿಡುವಿಲ್ಲ.

ಅತ್ತಿಗೆ


ಮಾರ್ಚ್ 16

ಅತ್ತಿಗೆ,

ಯಂತ್ರ ಸರಿ ಇದೆ. ಬೇರೆ ಇಬ್ಬರ ಕೈಲೂ ಮಾಡಿಸಿದೆ.

ನಿನ್ನೆ ಸಾಹೇಬರಿಗೆ ಹೇಳಬೇಕಾಯ್ತು. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ನಿನ್ನ ಮನೆಯ ಮಡಕೆ ಎಲ್ಲಿಯದು ಅಂತಲೇ ಹೇಳೋಕಾಗದ ವಿಧಾನ, ಆರು ಸಾವಿರ ವರ್ಷದ್ದು ಹೇಳುತ್ತಾ?" ಅಂದರು. ಆಮೇಲೆ ಸರೋವರದ ಒಂದು ಚೂರನ್ನ ಭೂತಗನ್ನಡಿ ಕೆಳಗಿಟ್ಟು ತೋರಿಸಿದರು. ಮುರಿದ ಅಂಚಿನಲ್ಲಿ ಸಣ್ಣ ಸಣ್ಣ ಗಂಟುಗಳಿವೆ. "ನೋಡು, ಮಣ್ಣನ್ನ ಸರಿಯಾಗಿ ಕಲಸೋಕೂ ಬರದವರು ಯಾರೋ ಅರೆಬರೆ ಮಾಡಿದ್ದು. ಬೇಸಾಯಗಾರರು ತಮ್ಮಲ್ಲಿ ಬೇಡವಾದ ಕಳಪೆ ಮಾಲನ್ನ ಇವರಿಗೆ ದಾಟಿಸಿದ್ದಾರೆ" ಅಂದರು. ಆ ಗಂಟುಗಳನ್ನ ನಾನೂ ದಿನಾ ನೋಡ್ತೀನಿ, ನೋಡಿ ಅರೆದು ಹಾಕ್ತೀನಿ.

ಒಂದು ಮಾತು ನೇರ ಕೇಳ್ತೀನಿ. ಸುಳ್ಳು ಹೇಳಬೇಡಿ. ನೀವು ಈಗ ಮಡಕೆ ಮಾಡೋದು ಬಿಟ್ಟಿದ್ದೀರಾ? ಅಂಗಡಿಯಿಂದ ಒಂದು ಒಳ್ಳೆ ಮಡಕೆ ತಂದು ಕಳಿಸಿದಿರಾ? ಕೈಲಾಗದಿದ್ದರೆ ಹೇಳಿಬಿಡಬಹುದಿತ್ತು, ನಾನೇನು ತಪ್ಪು ತಿಳೀತಿರಲಿಲ್ಲ. ಅಮ್ಮ ಎಲ್ಲಾನೂ ನಿಮ್ಮ ಕೈಗೆ ಕೊಟ್ಟು ಹೋದಳು, ನನಗೇನೂ ಕೊಡಲಿಲ್ಲ. ಅದನ್ನಾದರೂ ನೀವು ಉಳಿಸಿಕೊಂಡಿದ್ದೀರಿ ಅಂದುಕೊಂಡಿದ್ದೆ.

ನಾದಿನಿ


ಏಪ್ರಿಲ್ 3

ನಾದಿನಿಗೆ,

ನಿನ್ನ ಕಾಗದ ಓದಿ ಎರಡು ವಾರ ಆಯ್ತು. ಮೂರು ಸಲ ಬರೆದು ಹರಿದೆ. ನಿಮ್ಮಣ್ಣ "ಯಾಕೆ ಮುಖ ಊದಿಸಿಕೊಂಡಿದ್ದೀಯ" ಅಂದರೆ ಹಲ್ಲುನೋವು ಅಂದೆ. ಪಾಪ, ಲವಂಗ ತಂದುಕೊಟ್ಟರು.

ಅಂಗಡಿ ಮಡಕೆ ಅಂದೆಯಲ್ಲೇ. ಇನ್ನೇನು ಬೇಕಾದರೂ ಅನ್ನು. ಈ ಮನೆಗೆ ಬಂದ ಮೂರನೇ ದಿನ ತಿಗರಿ ಮುಂದೆ ಕೂತವಳು ನಾನು, ಇವತ್ತಿಗೆ ಇಪ್ಪತ್ತೆಂಟು ವರ್ಷ. ನನ್ನ ಕೈರೇಖೆ ಮಣ್ಣಲ್ಲೇ ಸವೆದುಹೋಗಿದೆ. ನಿನ್ನ ಮಾತಿಗೆ ಹೊಟ್ಟೆ ಉರಿದು, ಆವತ್ತು ಎತ್ತಿದ ನಾಲ್ಕು ಮಡಕೆ ನಾಲ್ಕೂ ಸೊಟ್ಟ.

ಆದರೆ ತಪ್ಪು ನನ್ನದೂ ಇದೆ. ನಾನು ಮುಚ್ಚಿಟ್ಟೆ. ಈಗ ಹೇಳ್ತೀನಿ, ಓದಿ ಸುಟ್ಟುಬಿಡು.

ನಮ್ಮ ಮಡಕೆಗೆ ಬರೀ ಗುಂಡಿ ಮಣ್ಣಲ್ಲ. ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಬೋಕಿ ಪುಡಿ. ಒಡೆದ ಹಳೆ ಮಡಕೆ ಚೂರನ್ನ ಕುಟ್ಟಿ ಜರಡಿ ಹಿಡಿದ ಪುಡಿ. ಒಮ್ಮೆ ಸುಟ್ಟ ಮಣ್ಣು ಎರಡನೇ ಸಲ ಕುಗ್ಗಲ್ಲ, ಅದಕ್ಕೇ ನಮ್ಮ ಮಡಕೆ ಒಲೆ ಮೇಲೆ ಬಿರುಕು ಬಿಡಲ್ಲ. ಈ ಬೀದಿಯಲ್ಲಿ ಎಲ್ಲರೂ ಮರಳು ಹಾಕ್ತಾರೆ. ನಾವೂ ಮರಳೇ ಹಾಕ್ತೀವಿ ಅಂತ ನಿಮ್ಮಣ್ಣನೂ ನಂಬಿದ್ದಾರೆ. ಅವರು ಇಲ್ಲದಾಗ ನಾನು ಕುಟ್ಟಿಡ್ತೀನಿ, ಅವರು ಬಂದು ತುಳೀತಾರೆ.

ಇದನ್ನ ಅತ್ತೆ ನನಗೆ ಹೇಳಿಕೊಡೋವಾಗ ತಲೆ ಮೇಲೆ ಕೈ ಇಡಿಸಿ ಮಾತು ತಗೊಂಡರು. ಮನೆ ಹೊರಗೆ ಹೋಗಬಾರದು. ಮಗನ ಬಾಯಲ್ಲಿ ಗುಟ್ಟು ನಿಲ್ಲಲ್ಲ, ಅವನಿಗೆ ಬೇಡ. ಮಗಳಿಗೂ ಬೇಡ, ಅವಳು ನಾಳೆ ಇನ್ನೊಂದು ಮನೆಗೆ ಹೋಗೋಳು, ಅವಳ ಜೊತೆ ಇದೂ ಹೋಗುತ್ತೆ ಅಂದರು. ನಿನ್ನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ನೀನು ಶಾಲೆಗೆ ಹೋದರೆ ಅವರು ಬಾಗಿಲಲ್ಲೇ ನಿಂತು ನೋಡ್ತಿದ್ದರು, ನಾನೇ ಕಂಡಿದ್ದೀನಿ.

ಇನ್ನು ನಿಕ್ಕಲ್ಲೋ ಪಕ್ಕಲ್ಲೋ ಹೊಂದಲ್ಲ ಅಂದೆಯಲ್ಲ. ನಿಮ್ಮಪ್ಪ ಅಮ್ಮ ಹಳೆ ಊರು ಬಿಟ್ಟು ಇಲ್ಲಿಗೆ ಬಂದಾಗ ಅತ್ತೆ ಹಟ ಹಿಡಿದು ಎರಡು ಗಾಡಿ ತುಂಬಾ ಒಡೆದ ಮಡಕೆ ಹೇರಿಸಿಕೊಂಡು ಬಂದರಂತೆ. ಮಂಚ ಬಿಟ್ಟು ಬಂದರು, ಬೋಕಿ ಬಿಡಲಿಲ್ಲ. ಊರವರು ಇವಳಿಗೆ ತಲೆ ಕೆಟ್ಟಿದೆ ಅಂದರಂತೆ. ಹಿತ್ತಿಲಲ್ಲಿ ನೀನು ಕಾಲು ಕುಯ್ದುಕೊಂಡ ರಾಶಿ ಇದೆಯಲ್ಲ, ಅದೇ. ಅಲ್ಲಿಯ ಮಣ್ಣು ಕಪ್ಪು, ಇಲ್ಲಿಯದು ಕೆಂಪು. ಹಾಗಾಗಿ ನಿನ್ನ ಯಂತ್ರ ಸುಳ್ಳು ಹೇಳಿಲ್ಲ.

ಇನ್ನೊಂದು. ಗಂಟು ಇದ್ದರೆ ಕಲಸೋಕೆ ಬರದವರು ಅಂದರಾ ನಿಮ್ಮ ಸಾಹೇಬರು? ಹಸಿಮಣ್ಣಲ್ಲಿ ಗಂಟು ಉಳಿಸಿಕೊಂಡು ಮಡಕೆ ಎತ್ತೋ ಕುಂಬಾರ್ತಿ ಈ ಭೂಮಿ ಮೇಲೆ ಇಲ್ಲ. ಆ ಗಂಟು ಏನು ಅಂತ ಸರಿಯಾಗಿ ನೋಡು.

ಅತ್ತಿಗೆ


ಏಪ್ರಿಲ್ 10

ಅತ್ತಿಗೆ,

ಮೊದಲು ಕಾಲಿಗೆ ಬೀಳ್ತೀನಿ. ಅಂಗಡಿ ಮಡಕೆ ಅಂದ ಬಾಯಿಗೆ ನೀವೇ ಬಂದು ಬೋಕಿ ಪುಡಿ ತುಂಬಿ.

ನಿಮ್ಮ ಕಾಗದ ಓದಿದ್ದು ಬಸ್ಸಿನಲ್ಲಿ. ನನ್ನ ನಿಲ್ದಾಣ ದಾಟಿಹೋಯ್ತು, ಎರಡು ನಿಲ್ದಾಣ ವಾಪಸ್ ಓಡಿಬಂದೆ. ನಾನು ಎರಡು ವರ್ಷದಿಂದ ಮಾಡ್ತಿರೋ ತಪ್ಪು ಏನು ಗೊತ್ತಾ? ಇಡೀ ಚೂರನ್ನ ನುಣ್ಣಗೆ ಅರೆದುಬಿಡ್ತಿದ್ದೆ. ಎರಡು ಊರಿನ ಮಣ್ಣು ಒಂದಾಗಿ ಕಲಸಿಹೋಗಿ ಯಾವ ಊರಿನದೂ ಅಲ್ಲದ ಹಾಗೆ ಕಾಣ್ತಿತ್ತು.

ಈ ಸಲ ಅರೆಯಲಿಲ್ಲ. ಪಕ್ಕದ ವಿಭಾಗದಲ್ಲಿ ಲೇಸರ್ ಹೊಡೆದು ಕೂದಲೆಳೆಯಷ್ಟು ಜಾಗದಿಂದ ಪುಡಿ ಎಬ್ಬಿಸೋ ಯಂತ್ರ ಇದೆ. ಅವರ ಕೈಕಾಲು ಹಿಡಿದು ನಾಲ್ಕು ದಿನ ತಗೊಂಡೆ. ಮೊದಲು ನಿಮ್ಮ ಮಡಕೆ. ಗಂಟಿನ ಸುತ್ತಲಿನ ಮಣ್ಣು ಬೇರೆ, ಗಂಟು ಬೇರೆ ಅಳೆದೆ. ಸುತ್ತಲಿನ ಮಣ್ಣು ನಿಮ್ಮ ಡಬ್ಬಿಗೆ ತಾಳೆ. ಕೂದಲಷ್ಟೂ ವ್ಯತ್ಯಾಸ ಇಲ್ಲ.

ಆಮೇಲೆ ಸರೋವರದ ಚೂರು. ಸುತ್ತಲಿನ ಮಣ್ಣು ಸರೋವರದ್ದು. ಗಂಟುಗಳು ಅಲ್ಲಿಯವಲ್ಲ, ಗುಡ್ಡದ ಚಿಲುಮೆ ಹತ್ತಿರದ ಮಣ್ಣು, ಮೊದಲೇ ಒಮ್ಮೆ ಸುಟ್ಟದ್ದು. ಹಾಗಾದರೆ ಚಿಲುಮೆ ಕಡೆ ಸಿಕ್ಕಿದ ಚೂರಲ್ಲಿ ಏನಿದೆ ಅಂತ ನೋಡಿದೆ. ಸುತ್ತಲಿನ ಮಣ್ಣು ಚಿಲುಮೆಯದು, ಗಂಟು ಸರೋವರದ್ದು. ನಲವತ್ತು ಚೂರು ನೋಡಿದೆ, ಒಂದರಲ್ಲೂ ಹೊಳೆ ಮಣ್ಣಿಲ್ಲ. ಬೇಸಾಯಗಾರರ ಮಡಕೆಯಲ್ಲಿ ಗಂಟೇ ಇಲ್ಲ, ಬರೀ ಮರಳು.

ಅರ್ಥ ಆಯ್ತಲ್ಲ? ಒಂದು ಕಾಲಕ್ಕೆ ಸರೋವರ, ಒಂದು ಕಾಲಕ್ಕೆ ಗುಡ್ಡ ಅಂತ ಅವರು ಹೋಗಿಬಂದು ಮಾಡ್ತಿದ್ದರು. ಹೊರಡೋವಾಗ ಒಡೆದ ಮಡಕೆ ಹೊತ್ತುಕೊಂಡು ಹೋಗ್ತಿದ್ದರು. ಹೋದ ಕಡೆ ಕುಟ್ಟಿ ಹೊಸ ಮಣ್ಣಿಗೆ ಬೆರೆಸ್ತಿದ್ದರು. ನಮ್ಮಮ್ಮ ಎರಡು ಗಾಡಿ ಹೇರಿಸಿದ ಹಾಗೆಯೇ.

ಈಗ ಕಷ್ಟದ ಮಾತು. ನಿಮ್ಮ ಮಡಕೆ ಯಾಕೆ ತಾಳೆ ಆಗಲಿಲ್ಲ ಅಂತ ವಿವರಿಸದೆ ಸಾಹೇಬರು ಮುಂದೆ ಒಂದು ಮಾತೂ ಕೇಳಲ್ಲ. ವಿವರಿಸಿದರೆ ಅದು ವರದಿಯಲ್ಲಿ ಅಚ್ಚಾಗುತ್ತೆ, ಯಾರು ಬೇಕಾದರೂ ಓದಬಹುದು. ನಿಮ್ಮ ಮಡಕೆಯ ಗಂಟಿಗೆ ತಾಳೆ ನೋಡೋಕೆ ಹಿತ್ತಿಲ ರಾಶಿಯ ಒಂದು ಚೂರೂ ಬೇಕು. ಇದು ನೀವು ಅಮ್ಮನಿಗೆ ಕೊಟ್ಟ ಮಾತು. ಬೇಡ ಅಂದರೆ ನಾನು ತುಟಿ ಬಿಚ್ಚಲ್ಲ, ವರದಿ ಹೇಗೆ ಬೇಕಾದರೂ ಅಚ್ಚಾಗಲಿ. ನಿಮ್ಮ ಕಾಗದ ಮಾತ್ರ ಸುಡಲಿಲ್ಲ, ಕ್ಷಮಿಸಿ.

ನಾದಿನಿ


ಏಪ್ರಿಲ್ 15

ಪುಟ್ಟಿ,

ಮೊದಲು ನಿಮ್ಮಣ್ಣನಿಗೆ ಹೇಳಿದೆ. ಮನೆಯವರಿಗೇ ಗೊತ್ತಿಲ್ಲದ್ದು ಅಚ್ಚಲ್ಲಿ ಬಂದರೆ ಚೆನ್ನಾಗಿರಲ್ಲ ನೋಡು. ಊಟದ ಮಧ್ಯ ಹೇಳಿದೆ, ಎದ್ದು ಹೋಗದ ಹಾಗೆ. "ಇಷ್ಟು ವರ್ಷ ನಾನು ತುಳಿದದ್ದು ಮರಳಲ್ಲವಾ? ಅಂಗಾಲು ಯಾಕೆ ಉರಿಯುತ್ತೆ ಅಂತ ಡಾಕ್ಟರಿಗೆ ತೋರಿಸಿದೆನಲ್ಲೇ" ಅಂದರು. ಎರಡು ದಿನ ಮಣ್ಣು ತುಳಿಯೋಕೇ ಬರಲಿಲ್ಲ. ಮೂರನೇ ದಿನ ತಾವಾಗೇ ಹಿತ್ತಿಲಿಗೆ ಹೋಗಿ ರಾಶಿಯಿಂದ ಐದು ಚೂರು ಆರಿಸಿ, ತೊಳೆದು, ಹತ್ತಿಯಲ್ಲಿ ಸುತ್ತಿ ಇಟ್ಟರು. ಅವನ್ನೇ ಕಳಿಸ್ತಿದ್ದೀನಿ.

ನಾನು ಯೋಚನೆ ಮಾಡಿದ್ದು ಹೀಗೆ. ಪಕ್ಕದ ಬೀದಿಯವರು ನಮ್ಮಂಥ ಮಡಕೆ ಮಾಡಬಾರದು ಅಂತ ಅತ್ತೆ ಗುಟ್ಟು ಮಾಡಿದರು. ಪಕ್ಕದ ಬೀದಿಯಲ್ಲಿ ಈಗ ತಿಗರಿ ಎಲ್ಲಿದೆ? ಸಾಲಾಗಿ ಮೊಬೈಲ್ ರಿಪೇರಿ ಅಂಗಡಿ. ಯಾರಿಂದ ಕಾಯೋದು ಇದನ್ನ? ಅದೂ ಅಲ್ಲದೆ, ಇದು ನಮ್ಮ ಮನೆಯದು, ನಮಗೊಬ್ಬರಿಗೇ ಗೊತ್ತು ಅಂತ ನಾನು ಇಷ್ಟು ವರ್ಷ ಒಳಗೊಳಗೇ ಬೀಗ್ತಿದ್ದೆ. ನೋಡಿದರೆ ಕಾಡಲ್ಲಿ ಅಲೆಯೋ ಹೆಂಗಸರಿಗೆ ಆರು ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು. ನನ್ನ ಜಂಬ ಇಳೀತು. ಇಳಿದದ್ದಕ್ಕೆ ಖುಷಿಯೂ ಆಯ್ತು, ಅದು ಯಾಕೆ ಅಂತ ಕೇಳಬೇಡ.

ನೀನು ನನಗೆ ಅಂಗಡಿ ಮಡಕೆ ಅಂದಾಗ ಎಷ್ಟು ಸಂಕಟ ಆಯ್ತು ಅಂತ ನನಗೆ ಗೊತ್ತು. ನನಗಾದರೆ ಬಾಯಿದೆ, ಕಾಗದ ಬರೆದು ಜಗಳ ಆಡಿದೆ. ಆ ಹೆಂಗಸರಿಗೂ ಅದನ್ನೇ ಅಂತಿದ್ದಾರಲ್ಲ, ಬೇರೆಯವರ ಹತ್ತಿರ ತಂದದ್ದು ಅಂತ, ಅದೂ ಅಚ್ಚು ಹಾಕಿಸಿ. ಅವರ ಪರವಾಗಿ ಯಾರು ಜಗಳ ಆಡ್ತಾರೆ? ಅತ್ತೆ ಇದ್ದಿದ್ದರೆ ಸೆರಗು ಸಿಕ್ಕಿಸಿಕೊಂಡು ನಿಮ್ಮ ಸಮಿತಿಗೇ ಬರ್ತಿದ್ದರು.

ಬರೆ. ಎಷ್ಟು ಪಾಲು ಅಂತಾನೂ ಬರೆ, ಜರಡಿ ಸಣ್ಣದಿರಬೇಕು ಅಂತಾನೂ ಬರೆ. ಮಾತು ಮುರಿದ ಪಾಪ ನನ್ನ ತಲೆಗಿರಲಿ. ಮನೆ ಹೊರಗೆ ಹೋಗಬಾರದು ಅಂದರು ಅತ್ತೆ, ನೀನು ಹೊರಗಿನವಳು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಅತ್ತಿಗೆ


ಏಪ್ರಿಲ್ 22

ಅತ್ತಿಗೆ,

ಗೆದ್ವಿ. ಮನೆಗೂ ಹೋಗಿಲ್ಲ, ನನ್ನ ಮೇಜಿನ ಮೇಲೆ ಕೂತೇ ಬರೀತಿದ್ದೀನಿ.

ಅಣ್ಣ ಸುತ್ತಿ ಕಳಿಸಿದ ಚೂರುಗಳು ಹದಿನೆಂಟಕ್ಕೆ ಬಂದವು, ಹತ್ತೊಂಬತ್ತಕ್ಕೆ ಅಳೆದೆ. ನಿಮ್ಮ ಮಡಕೆಯ ಗಂಟು, ಹಿತ್ತಿಲ ಬೋಕಿ, ಎರಡೂ ಒಂದೇ. ಸಮಿತಿ ಮುಂದೆ ಅದನ್ನೇ ಮೊದಲು ಇಟ್ಟೆ. ಏಳು ಜನ ಕೂತಿದ್ದರು. ನಾಲ್ಕು ಪಾಲು, ಒಂದು ಪಾಲು ಅಂದಾಗ ಒಬ್ಬರು ಬರೆದುಕೊಂಡರು. ಎರಡು ಗಾಡಿ ಬೋಕಿ ವಿಷಯ ಹೇಳಿದಾಗ ಎಲ್ಲರೂ ನಕ್ಕರು. ಆಮೇಲೆ ಸರೋವರ, ಚಿಲುಮೆ ಎರಡರ ಚೂರು ಅಕ್ಕಪಕ್ಕ ತೋರಿಸಿದೆ, ಇದರ ಒಳಗೆ ಅದು, ಅದರ ಒಳಗೆ ಇದು ಅಂತ. ನಗು ನಿಂತುಹೋಯ್ತು.

ಸಾಹೇಬರು ಎದ್ದು ಬಂದರು. ಭೂತಗನ್ನಡಿ ತಗೊಂಡು ಒಂದೊಂದೇ ಚೂರು ನೋಡಿದರು. ಕಾಲು ಗಂಟೆ ಹಿಡೀತು. ಕೊನೆಗೆ ಅವರು, "ಈ ಗಂಟುಗಳನ್ನ ಹತ್ತು ವರ್ಷದಿಂದ ನೋಡ್ತಿದ್ದೀನಿ. ಕಲಸೋಕೆ ಬರದವರು ಅಂತ ನಾನೇ ಎರಡು ಪುಸ್ತಕದಲ್ಲಿ ಬರೆದಿದ್ದೀನಿ" ಅಂದರು. ಎಲ್ಲರ ಎದುರು ಅಂದರು. ಆ ಮನುಷ್ಯನ ಮೇಲೆ ನನಗಿದ್ದ ಕೋಪ ಅರ್ಧ ಅಲ್ಲೇ ಇಳೀತು. ಗಂಟಿನ ಬಗ್ಗೆ ಯಾರು ಹೇಳಿಕೊಟ್ಟರು ಅಂತ ಕೇಳಿದರು. ನಮ್ಮ ಅತ್ತಿಗೆ, ಕುಂಬಾರ್ತಿ ಅಂದೆ. ಹಾಗಾದರೆ ವರದಿಯಲ್ಲಿ ನಿನ್ನ ಹೆಸರಿನ ಪಕ್ಕ ಅವರ ಹೆಸರಿರಬೇಕು, ಕೆಳಗೆ ಸಣ್ಣಕ್ಷರದಲ್ಲಲ್ಲ ಅಂದರು. ಅಣ್ಣನಿಗೆ ಹೇಳಿ, ಇದನ್ನ ಮಾತ್ರ ಅವನು ಬೀದಿಗೆಲ್ಲ ಕೇಳಿಸಬಹುದು.

ಇವತ್ತಿನವರೆಗೂ ಅಮ್ಮ ನನ್ನನ್ನ ತಿಗರಿಯಿಂದ ದೂರ ಇಟ್ಟಳು ಅನ್ನೋ ನೋವು ಇತ್ತು ಅತ್ತಿಗೆ, ನಿಮ್ಮ ಮೇಲೆ ಹೊಟ್ಟೆಕಿಚ್ಚೂ ಇತ್ತು. ಹೇಳಿಬಿಡ್ತೀನಿ, ಈಗ ಇಲ್ಲ.

ಎಲ್ಲರೂ ಹೋದ ಮೇಲೆ ಸಾಹೇಬರು ಉಗ್ರಾಣದ ಬೀಗ ತೆಗೆದರು. ಚೂರುಗಳ ಹನ್ನೆರಡು ಪೆಟ್ಟಿಗೆಗಳ ಮೇಲೂ ಅವರ ಕೈಬರಹದ ಚೀಟಿ ಅಂಟಿತ್ತು, "ಬೇಸಾಯಗಾರರಿಂದ ಬಂದದ್ದು" ಅಂತ. ಒಂದೊಂದನ್ನೂ ಅವರೇ ಕಿತ್ತರು. ಹೊಸದು ನೀನು ಬರಿ ಅಂದು ಪೆನ್ನು ಕೊಟ್ಟು ಹೊರಟುಹೋದರು. ಆಮೇಲೆ "ಇವರೇ ಮಾಡಿದ್ದು" ಅಂತ ಬರೆದೆ. ಕಣ್ಣು ಮಂಜಾಗಿ ಎರಡನೇ ಚೀಟಿ ಅಕ್ಷರ ಸೊಟ್ಟ ಬಂತು, ಹಾಗೇ ಅಂಟಿಸಿದೆ. ಸಹಾಯಕರೊಬ್ಬರು ಬಂದು ನಾನು ಬರೀಲಾ ಅಂದರು. ಬೇಡ ಅಂದೆ. ಹನ್ನೆರಡಕ್ಕೂ ನಾನೇ ಬರೆದೆ.

ನಿಮ್ಮ ಪುಟ್ಟಿ